150 ಡಿಗ್ರಿ ಅಂತ ನೀಟಾಗಿ ಬಂದಾಗಲೇ ಅನುಮಾನ ಬರಬೇಕಿತ್ತು

14 ಸೆಪ್ಟೆಂಬರ್ 2024, ಶನಿವಾರ, ರಾತ್ರಿ 11

ಇವತ್ತು ಒಂದು ಇಡೀ ಚಾರ್ಟ್ ಶೀಟ್ ಹಾಳು ಮಾಡಿದೆ. ಮಗಳ ಗಣಿತದ ಮಾಡೆಲ್‌ಗೆ ಒಂದು ಶಂಕು ಬೇಕಿತ್ತು, ಅಡಿಯ ತ್ರಿಜ್ಯ 10 ಸೆಂ.ಮೀ., ಎತ್ತರ 24, ಅಷ್ಟೇ. ಹತ್ತು ನಿಮಿಷದ ಕೆಲಸ ಬಿಡು, ನಾನೇ ಮಾಡ್ಕೊಡ್ತೀನಿ ಅಂತ ಜಂಬದಲ್ಲಿ ಕೂತೆ.

ಶಂಕುನ ಒಂದು ಕಡೆ ಕತ್ತರಿಸಿ ಬಿಚ್ಚಿ ಹಾಸಿದ್ರೆ ತ್ರಿಜ್ಯಾಂತರ ಖಂಡ (ವೃತ್ತದಿಂದ ಕೇಂದ್ರದವರೆಗೆ ಸೀಳಿ ತೆಗೆದ ತುಂಡು) ಸಿಗುತ್ತೆ, ಅದರ ಕಂಸದ, ಅಂದ್ರೆ ಬಾಗಿದ ಅಂಚಿನ, ಉದ್ದ ಅಂದ್ರೆ ಶಂಕುವಿನ ಅಡಿಯ ಪರಿಧಿನೇ, ಅಲ್ಲಿಗೆ ಪೈ ಎರಡೂ ಕಡೆ ಹೊಡೆದುಹೋಗಿ ಕೋನ ಅಂದ್ರೆ 360 ಇಂಟು 10, ಭಾಗಿಸು ಹಾಳೆ ಮೇಲೆ ಎಳೆಯೋ ವೃತ್ತದ ತ್ರಿಜ್ಯ. ಇಲ್ಲೀವರೆಗೂ ಸರಿ. ಆ ಜಾಗಕ್ಕೆ ನಾನು 24 ಹಾಕಿದೆ, 150 ಡಿಗ್ರಿ ಬಂತು, ಪಾಯಿಂಟ್ ಇಲ್ಲ ಏನಿಲ್ಲ. ಉತ್ತರ ಇಷ್ಟು ಚೆನ್ನಾಗಿ ಬಂದ್ರೆ ಸರೀನೇ ಇರುತ್ತೆ ಅನ್ನೋದು ಪರೀಕ್ಷೆ ಬರೆದೂ ಬರೆದೂ ಅಂಟಿಕೊಂಡಿರೋ ರೋಗ, ಇನ್ನೂ ಬಿಟ್ಟಿಲ್ಲ.

ಕತ್ತರಿಸಿ ಸುತ್ತಿ ಅಂಟಿಸಿ ನಿಲ್ಲಿಸಿದ್ರೆ ಕುಳ್ಳಗಿದೆ. ಸ್ಕೇಲ್ ಇಟ್ರೆ 21.8. ಅವಳು ಒಂದ್ಸಲ ಶಂಕು ನೋಡಿದ್ಲು, ಒಂದ್ಸಲ ನನ್ನ ಮುಖ ನೋಡಿದ್ಲು, "ಅಪ್ಪಾ, ಅದು ಓರೆ ಎತ್ತರ ಹಾಕಬೇಕಿತ್ತಲ್ವಾ?" ಅಂದ್ಲು. ಹೌದು ಕಣಮ್ಮ. ಹಾಳೆಯ ಅಂಚು ಶಂಕುವಿನಲ್ಲಿ ನೆಟ್ಟಗೆ ನಿಲ್ಲಲ್ಲ, ತುದಿಯಿಂದ ಇಳಿಜಾರಾಗಿ ಇಳಿಯುತ್ತೆ. 10ರ ವರ್ಗ, 24ರ ವರ್ಗ ಕೂಡಿದ್ರೆ 676, ಅಂದ್ರೆ ತ್ರಿಜ್ಯ 26. ಕೋನ 138.46.

ಈಗ ಹೊಸ ತಲೆನೋವು, ಆ .46 ಅನ್ನ ಎಲ್ಲಿಂದ ತರೋದು? ಜಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲಿ ಮಧ್ಯದಿಂದ ಅಂಚಿಗೆ ಸುಮಾರು 5 ಸೆಂ.ಮೀ., ಅಲ್ಲಿ ಒಂದು ಡಿಗ್ರಿಗೆ ಇರೋ ಜಾಗ ಒಂದು ಮಿಲಿಮೀಟರೂ ಇಲ್ಲ, ಅದೇ ಒಂದು ಡಿಗ್ರಿ 26 ಸೆಂ.ಮೀ. ಆಚೆ ಹೋಗೋಷ್ಟರಲ್ಲಿ ನಾಲ್ಕೂವರೆ ಮಿಲಿಮೀಟರ್ ಆಗಿರುತ್ತೆ, ಅಂದ್ರೆ ಪೆನ್ಸಿಲ್ ಮೊನೆ ದಪ್ಪಗಿದ್ರೂ ಸಾಕು ಕೆಟ್ಟುಹೋಗೋಕೆ. ಅದಕ್ಕೆ ಕೋನನ ಮುಟ್ಟೋದೇ ಬೇಡ ಅಂತ ಜ್ಯಾ, ಅಂದ್ರೆ ಕಂಸದ ಎರಡು ತುದಿ ಸೇರಿಸೋ ನೇರ ಗೆರೆ, ಅದರ ಲೆಕ್ಕ ಹಾಕಿದ್ವಿ: 2 ಇಂಟು 26 ಇಂಟು ಸೈನ್ 69.23, ಹೆಚ್ಚುಕಮ್ಮಿ 48.6 ಸೆಂ.ಮೀ. ಕಂಸದ ಮೇಲೆ ಒಂದು ಚುಕ್ಕೆ, ಟೇಪ್ ಹಿಡಿದು 48.6 ಆಚೆ ಇನ್ನೊಂದು ಚುಕ್ಕೆ, ಎರಡನ್ನೂ ಕೇಂದ್ರಕ್ಕೆ ಸೇರಿಸು, ಮುಗೀತು. ಕೈವಾರ ಅಷ್ಟು ಅಗಲಕ್ಕೆ ತೆರೆಯಲ್ಲ, ದಾರ ಕಟ್ಟಿದ್ರೆ ಜಗ್ಗುತ್ತೆ, ಕೊನೆಗೆ ರಟ್ಟಿನ ಪಟ್ಟಿಗೆ 26 ಸೆಂ.ಮೀ. ಅಂತರದಲ್ಲಿ ಎರಡು ತೂತು ಮಾಡಿ ಒಂದಕ್ಕೆ ಗುಂಡುಪಿನ್ನು ಇನ್ನೊಂದಕ್ಕೆ ಪೆನ್ಸಿಲ್ ಹಾಕಿ ತಿರುಗಿಸಿದ್ವಿ.

ದಾರ ಕೈಲಿ ಇತ್ತಲ್ಲ ಅಂತ ಅದನ್ನ 26ಕ್ಕೆ ಕತ್ತರಿಸಿ ಕಂಸದ ಮೇಲೇನೇ ಹಾಸ್ತಾ ಹೋಗು ಅಂದೆ. ಎರಡು ಸಲ ಪೂರ್ತಿ ಕೂತು ಇನ್ನೂ 10.8 ಸೆಂ.ಮೀ. ಕಂಸ ಉಳೀತು. ಆ ಎರಡು ಚಿಲ್ಲರೇನೇ ರೇಡಿಯನ್ ಲೆಕ್ಕದಲ್ಲಿ ಈ ಕೋನ ಕಣೆ, 2.417, ತ್ರಿಜ್ಯ ಕಂಸದಲ್ಲಿ ಎಷ್ಟು ಸಲ ಹಿಡಿಯುತ್ತೆ ಅನ್ನೋ ಲೆಕ್ಕ ಅಷ್ಟೇ ಅಂದೆ. ನಮಗೆ ಯಾರಾದ್ರೂ ಹಿಂಗೆ ದಾರ ಹಾಸಿ ತೋರಿಸಿದ್ರೆ ಡಿಗ್ರಿನ ರೇಡಿಯನ್ ಮಾಡೋಕೆ ಪೈ ಬೈ 180 ಅಂತ ಕಣ್ಮುಚ್ಚಿ ಉರು ಹೊಡೆಯೋದು ತಪ್ತಿತ್ತೇನೋ.

ಕಂಸದ ಉದ್ದ 62.83. ಈ ಅಂಕಿ ಎಲ್ಲೋ ನೋಡಿದೀನಲ್ಲ ಅನ್ನಿಸ್ತು. ಆರ್ಯಭಟಂದು! 499ರ ಸುಮಾರಿಗೆ ಆತ ಕೊಟ್ಟ ಲೆಕ್ಕ, ವ್ಯಾಸ 20000 ಇದ್ರೆ ಪರಿಧಿ ಹತ್ತಿರಹತ್ತಿರ 62832. ನಮ್ಮ ಶಂಕುವಿನ ಅಡಿಯ ವ್ಯಾಸ ಸರಿಯಾಗಿ 20, ಅದಕ್ಕೇ ಅದೇ ಅಂಕಿ ಬಂದು ಕೂತಿದೆ. ಜ್ಯಾ ಅಂದ್ರೆ ಬಿಲ್ಲಿನ ಹೆದೆ ಅಂತ ಹೇಳಿದ್ದಕ್ಕೆ ಅವಳು ಹಾಳೇನ ಅಡ್ಡ ತಿರುಗಿಸಿ, ಕಂಸ ಬಿಲ್ಲಾಯ್ತು, ಟೇಪ್ ಹೆದೆ ಆಯ್ತು, ಹಾಗಾದ್ರೆ ಇದಕ್ಕೆ ಕಂಸ ಅಂತ ಕೃಷ್ಣನ ಮಾವನ ಹೆಸರು ಯಾಕೆ ಅಂದ್ಲು. ನಾನು ಗೋಂದು ಹುಡುಕೋ ನೆಪದಲ್ಲಿ ಎದ್ದೆ.

ಹಾಳೆಯ ವಿಸ್ತೀರ್ಣಕ್ಕೆ ಅವಳು ಕೋನ ಬೈ 360 ಅಂತ ಶುರು ಮಾಡಿದ್ಲು, ಬೇಡ ಅಂದೆ. ಖಂಡನ ಕೇಂದ್ರದಿಂದ ಸಣ್ಣಸಣ್ಣ ಸೀಳಾಗಿ ಕತ್ತರಿಸಿದ್ರೆ ಒಂದೊಂದೂ ಹೆಚ್ಚುಕಮ್ಮಿ ತ್ರಿಭುಜ, ಪಾದ ಎಲ್ಲಾ ಕೂಡಿದ್ರೆ ಕಂಸ, ಎತ್ತರ ತ್ರಿಜ್ಯ, ಹಾಗಾಗಿ ಅರ್ಧ ಇಂಟು 62.83 ಇಂಟು 26, ಸುಮಾರು 817 ಚದರ ಸೆಂ.ಮೀ. ಡಿಗ್ರಿ ಬೇಕೇ ಆಗಲಿಲ್ಲ.

ಎರಡನೇದನ್ನ ಕತ್ತರಿಸಿದ ಮೇಲೆ ಗೊತ್ತಾಯ್ತು, ಅಂಟಿಸೋಕೆ ಅಂಚಲ್ಲಿ ಒಂದು ಪಟ್ಟಿ ಬಿಟ್ಟಿಲ್ಲ. ಒಳಗಡೆಯಿಂದ ಟೇಪ್ ಹಾಕಿ ನಿಲ್ಲಿಸಿದ್ವಿ. ಅಳತೆ 24ಕ್ಕೆ ಕೂದಲೆಳೆಯಷ್ಟು ಕಡಿಮೆ. ಕುಳ್ಳ ಶಂಕುನ ಬಿಸಾಕೋಕೆ ಬಿಡಲಿಲ್ಲ ಅವಳು, "ಅಪ್ಪನ 150 ಡಿಗ್ರಿ" ಅಂತ ಬರೆದು ನನ್ನ ಟೇಬಲ್ ಮೇಲೆ ಇಟ್ಟಿದ್ದಾಳೆ.