ಕಂಕಣ ನೋಡಲು ಘಟ್ಟ ಇಳಿದೆವು

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ಕುಟ್ಟದಲ್ಲಿ ನೋಡೋದು ಅಂತ ನಮ್ಮ ಲೆಕ್ಕ. ಕೊಡಗಿನ ದಕ್ಷಿಣದ ತುದಿ, ಗ್ರಹಣದ ದಾರಿಯೊಳಗೇ, ಅಂದರೆ ಕಂಕಣ ಪೂರ್ತಿ ಕಾಣುವ ಪಟ್ಟಿಯೊಳಗೇ, ಇರುವ ಊರು. ಕ್ರಿಸ್‌ಮಸ್ ರಜೆ ಬೇರೆ, ಕುಟ್ಟದ ಸುತ್ತ ರೂಮು ಸಿಗಲಿಲ್ಲ. ಬೆಂಗಳೂರಿನಿಂದ ಹೊರಟು ರಾತ್ರಿಗೆ ವಿರಾಜಪೇಟೆಯಲ್ಲಿ ಉಳಿದೆವು. ಜೊತೆಗೆ ಭಾವ. ಗ್ರಹಣದ ಹುಚ್ಚು ನನ್ನದು, ಕಾರು ಅವರದು.

ಊಟ ಮುಗಿಸಿ ಹೊರಗೆ ಬಂದರೆ ಬೀದಿ ದೀಪದ ಸುತ್ತ ಮಂಜು. ಡಿಸೆಂಬರಿನಲ್ಲಿ ಕೊಡಗು, ವಯನಾಡಿನ ಕಣಿವೆಗಳಲ್ಲಿ ಇದು ಮಾಮೂಲು. ಬಿಸಿಲೇರಿದ ಮೇಲೆ ಕರಗುತ್ತದೆ, ಆದರೆ ಎಷ್ಟು ಹೊತ್ತಿಗೆ? ಕಂಕಣ ಕಾಣುವುದು ಒಂಬತ್ತೂಕಾಲರ ಆಚೆಗೆ, ಅದೂ ಮೂರು ನಿಮಿಷಕ್ಕೆ ಸ್ವಲ್ಪ ಜಾಸ್ತಿ ಅಷ್ಟೇ. ಹತ್ತು ಗಂಟೆಗೆ ಮಂಜು ಕರಗಿದರೆ ಯಾರಿಗೆ ಬೇಕು?

ಮೊಬೈಲಿನಲ್ಲಿ ಇನ್ಸಾಟ್ ಉಪಗ್ರಹದ ಚಿತ್ರಗಳನ್ನು ನೋಡುತ್ತಾ ಕೂತೆ. ರಾತ್ರಿ ಹೊತ್ತು ಸಿಗುವುದು ಇನ್ಫ್ರಾರೆಡ್ ಚಿತ್ರ. ಅದು ಶಾಖವನ್ನು ನೋಡುತ್ತದೆ. ಎತ್ತರದ ಮೋಡ ತಣ್ಣಗಿರುವುದರಿಂದ ಬೆಳ್ಳಗೆ ಎದ್ದು ಕಾಣುತ್ತದೆ. ಮಂಜು, ತಗ್ಗಿನ ಮೋಡ ಇವುಗಳ ಶಾಖ ನೆಲದಷ್ಟೇ ಇರುವುದರಿಂದ ಚಿತ್ರದಲ್ಲಿ ಸರಿಯಾಗಿ ಕಾಣೋದೇ ಇಲ್ಲ. ಚಿತ್ರದಲ್ಲಿ ಖಾಲಿ ಕಂಡಿತು ಅಂತ ನಿದ್ದೆ ಮಾಡಿದರೆ ಬೆಳಿಗ್ಗೆ ಮೋಸ. ಹಾಗಾಗಿ ಚಿತ್ರಕ್ಕಿಂತ ಗಾಳಿಯನ್ನು ನಂಬಿದೆ. ಆ ಕಾಲದಲ್ಲಿ ಗಾಳಿ ಈಶಾನ್ಯದಿಂದ. ತಮಿಳುನಾಡಿನ ಕಡೆಗೆ ಮೋಡ ತರುತ್ತದೆ, ಘಟ್ಟ ದಾಟಿ ಪಶ್ಚಿಮಕ್ಕೆ ಇಳಿಯುವಾಗ ಒಣಗುತ್ತದೆ. ರಾತ್ರಿಯಿಡೀ ನೆಲದಿಂದ ಸಮುದ್ರದ ಕಡೆಗೆ ಬೀಸುವ ಗಾಳಿಯೂ ಕರಾವಳಿಯ ಆಕಾಶವನ್ನು ಗುಡಿಸಿಡುತ್ತದೆ. ಗ್ರಹಣದ ದಾರಿಯ ಅಗಲವೇ ನೂರು ಕಿಲೋಮೀಟರಿಗಿಂತ ಜಾಸ್ತಿ. ಕಾಸರಗೋಡು ಜಿಲ್ಲೆಯ ಚೆರುವತ್ತೂರು ಅದರ ನಡು ಗೆರೆಗೆ ತೀರಾ ಹತ್ತಿರ.

"ಭಾವ, ಕೆಳಗೆ ಇಳಿದುಬಿಡೋಣ."

"ಅಲ್ಲಾ ಮಾರಾಯ, ಬಂದಿದ್ದೇ ಕೊಡಗಿಗೆ. ಮತ್ತೆ ಕೇರಳಕ್ಕಾ?"

"ಮೂರು ಗಂಟೆಗೆ ಹೊರಟರೆ ಸಾಕು."

"ಕಾಫಿ ಎಲ್ಲಿ ಸಿಗುತ್ತೆ ಹೇಳು, ಹೊರಡೋಣ."

ಮಾಕುಟ್ಟ ಘಾಟಿ ಇಳಿಯುವಾಗ ಹೆಡ್‌ಲೈಟಿಗೆ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ. ಇರಿಟ್ಟಿ ಹತ್ತಿರ ಗಾಜು ಇಳಿಸಿದರೆ ನಕ್ಷತ್ರ! ತಳಿಪ್ಪರಂಬ, ಪಯ್ಯನ್ನೂರು ದಾಟಿ ಚೆರುವತ್ತೂರು ಸೇರುವಷ್ಟರಲ್ಲಿ ಬೆಳಕು ಹರಿದಿತ್ತು. ಕಾಫಿ ಸಿಗಲಿಲ್ಲ, ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ, ಸಿಕ್ಕಿತು. ಭಾವ ಅದಕ್ಕೂ ನನ್ನನ್ನೇ ಬೈದರು.

ಒಂದು ಬಯಲಿನ ಅಂಚಿನಲ್ಲಿ ಟ್ರೈಪಾಡ್ ಹೂಡಿದೆ. ಕಂಕಣ ಗ್ರಹಣದಲ್ಲಿ ಫಿಲ್ಟರನ್ನು ಒಂದು ಕ್ಷಣವೂ ತೆಗೆಯುವಂತಿಲ್ಲ. ಚಂದ್ರ ಭೂಮಿಯಿಂದ ದೂರ ಇರುವುದರಿಂದ ಸೂರ್ಯನನ್ನು ಪೂರ್ತಿ ಮುಚ್ಚಲಾರ, ಉಳಿದ ಅಂಚೇ ಕಣ್ಣು ಸುಡುವಷ್ಟು. ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಸೋಲಾರ್ ಫಿಲ್ಮ್ ಲೆನ್ಸಿನ ಮುಂದೆ. ಕಷ್ಟ ಇರುವುದು ಫೋಕಸ್ಸಿನಲ್ಲಿ. ಸಾಮಾನ್ಯವಾಗಿ ಸೂರ್ಯನ ಕಲೆಗಳ ಮೇಲೆ ಫೋಕಸ್ ಮಾಡುತ್ತಾರೆ. 2019ರಲ್ಲಿ ಸೂರ್ಯ ಹೆಚ್ಚೂಕಡಿಮೆ ಕಲೆಯಿಲ್ಲದ ಬೋಳು ತಟ್ಟೆ. ಎಂಟು ಗಂಟೆಯಾಗಿ ನಾಲ್ಕೈದು ನಿಮಿಷಕ್ಕೆ ಚಂದ್ರ ಕಚ್ಚಲು ಶುರು ಮಾಡಿದ ಮೇಲೆ ಆ ಚೂಪು ಅಂಚನ್ನೇ ಹಿಡಿದು ಫೋಕಸ್ ಸರಿಮಾಡಿ, ಅದು ಜಾರದಂತೆ ಲೆನ್ಸಿನ ಫೋಕಸ್ ರಿಂಗಿಗೆ ಟೇಪ್ ಸುತ್ತಿದೆ. 400 ಮಿಲಿಮೀಟರ್ ಲೆನ್ಸಿನಲ್ಲೂ ಸೆನ್ಸರ್ ಮೇಲೆ ಸೂರ್ಯನ ಬಿಂಬ ನಾಲ್ಕು ಮಿಲಿಮೀಟರ್ ಇರುವುದಿಲ್ಲ. ಎರಡು ನಿಮಿಷಕ್ಕೆ ತನ್ನಷ್ಟೇ ಅಗಲ ಸರಿದುಬಿಡುತ್ತಾನೆ, ಅವನ ಹಿಂದೆ ಓಡುತ್ತಲೇ ಇರಬೇಕು.

ಒಂಬತ್ತರ ಹೊತ್ತಿಗೆ ಬಿಸಿಲಿನ ಬಣ್ಣ ಕೆಟ್ಟಿತು. ಸಂಜೆಯಂತೆ ಕೆಂಪಾಗಲಿಲ್ಲ, ಸುಮ್ನೆ ಮಂಕಾಯಿತು. ನೆರಳುಗಳು ಬ್ಲೇಡಿನಲ್ಲಿ ಕೊರೆದ ಹಾಗೆ ಚೂಪು. ಮೈಗೆ ತಂಪು ತಟ್ಟಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ಓಡಿಬಂದು ಬಳೆ ಕೂಡಿಕೊಂಡಿತು. ಕೂಡುವ ಮುಂಚೆ ಚಂದ್ರನ ಅಂಚಿನ ಗುಡ್ಡ-ಕಣಿವೆಗಳ ಸಂದಿಯಿಂದ ತೂರಿದ ಬೆಳಕು ಮಣಿಮಣಿಯಾಗಿ ಒಡೆದದ್ದು ಎರಡು ಫ್ರೇಮಿನಲ್ಲಿ ಸಿಕ್ಕಿದೆ. ಬಳೆಯ ಚಿತ್ರಗಳು ಎಲ್ಲರ ಬಳಿಯೂ ಇರುತ್ತವೆ. ನನಗೆ ಆ ಎರಡೇ ಮುಖ್ಯ.

"ಇಲ್ಲಿ ನೋಡೋ," ಅಂತ ಭಾವ ಕೂಗಿದರು. ಮರದ ಕೆಳಗೆ, ಅವರ ಬಿಳಿ ಅಂಗಿಯ ಬೆನ್ನ ಮೇಲೆ ಪೂರ್ತಿ ಪುಟ್ಟ ಪುಟ್ಟ ಬಳೆಗಳು. ಎಲೆಗಳ ಸಂದಿ ಒಂದೊಂದೂ ಒಂದು ಪಿನ್‌ಹೋಲ್ ಕ್ಯಾಮೆರಾ ಆಗಿತ್ತು. ಮೊಬೈಲಿನಲ್ಲಿ ತೆಗೆದ ಆ ಫೋಟೋವನ್ನೇ ಮನೆಯಲ್ಲಿ ಎಲ್ಲರೂ ಕೇಳಿ ಕೇಳಿ ನೋಡಿದ್ದು. ನನ್ನ ದೊಡ್ಡ ಲೆನ್ಸಿನ ಚಿತ್ರಗಳಿಗೆ "ಚೆನ್ನಾಗಿದೆ" ಅಂದರು ಅಷ್ಟೇ.

ವಯನಾಡಿನ ಕಲ್ಪೆಟ್ಟದಲ್ಲಿ ಜನ ಸೇರಿದ್ದ ಕಡೆ ಮೋಡ ಮುಚ್ಚಿ ಎಲ್ಲರೂ ಪೆಚ್ಚಾದ ಸುದ್ದಿ ವಾಪಸು ಬರುವಾಗ ತಿಳಿಯಿತು. ದಿಲ್ಲಿಯಲ್ಲೂ ಮೋಡ. ಪ್ರಧಾನಿಯವರೇ ಕೋಳಿಕ್ಕೋಡಿನ ನೇರಪ್ರಸಾರದಲ್ಲಿ ಬಳೆ ನೋಡಬೇಕಾಯಿತು.

ದಕ್ಷಿಣ ಭಾರತಕ್ಕೆ ಮುಂದಿನ ಕಂಕಣ 2031ರ ಮೇ 21ಕ್ಕೆ. ದಾರಿ ಕೊಚ್ಚಿ, ಆಲಪ್ಪುಳ, ಥೇಣಿ, ಮಧುರೈ ಮೇಲೆ. ಮೇ ಕೊನೆ ಅಂದರೆ ಕೇರಳ ಕರಾವಳಿಯಲ್ಲಿ ಮುಂಗಾರಿನ ಮೋಡ ಕಟ್ಟುವ ಹೊತ್ತು. ಈ ಸಲ ಘಟ್ಟದ ಪಶ್ಚಿಮಕ್ಕೆ ಓಡಿದೆವು, ಆಗ ಪೂರ್ವಕ್ಕೆ ಓಡಬೇಕು, ಅಲ್ವಾ? ಮಧುರೈ ಅಂದ ಕೂಡಲೇ ಭಾವ ಒಪ್ಪಿದರು. ಅಲ್ಲಿ ಕಾಫಿ ಸಿಗುತ್ತದೆ.