ಮುಂಗಾರಿನ ಮೋಡ, ಒಂದು ಗುಂಟೆಯ ಚುಕ್ಕಿ

ಉಪಗ್ರಹದ ಚಿತ್ರ ನೋಡಿ ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅಂತ ಹೇಳಲು ಕಂಪ್ಯೂಟರಿಗೆ ಕಲಿಸುವ ಕೆಲಸದ ಬಗ್ಗೆ ಮಾತು ಬಂದರೆ, ಜನ ಮೊದಲು ಕೇಳುವುದು ಡೇಟಾ ಎಷ್ಟಿದೆ ಅಂತ. ಡೇಟಾ ಬೇಕಾದಷ್ಟಿದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ, 2008ರಿಂದ ಎಲ್ಲರಿಗೂ ಉಚಿತ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ನಮ್ಮ ತಲೆ ಮೇಲೆ ಹಾದು ಹೋಗುತ್ತವೆ.

ಆದರೆ ಜುಲೈ, ಆಗಸ್ಟ್‌ನ ಚಿತ್ರಗಳನ್ನು ತೆಗೆದು ನೋಡಿ, ಬರೀ ಬಿಳಿ ಮೋಡ. ಬಿತ್ತನೆ ಆಗಿ ಪೈರು ಮೇಲೇಳುವುದು ಆಗಲೇ ಅಲ್ವಾ? ಸಾಮಾನ್ಯವಾಗಿ ಹೊಲ ಮೇ ತಿಂಗಳ ಚಿತ್ರದಲ್ಲಿ ಎಷ್ಟು ಹಸಿರು, ಅಕ್ಟೋಬರ್ ಚಿತ್ರದಲ್ಲಿ ಎಷ್ಟು ಹಸಿರು ಅಂತ ನೋಡಿ, ನಡುವೆ ಗೆರೆ ಎಳೆದು ಖಾಲಿ ತಿಂಗಳುಗಳನ್ನು ತುಂಬುತ್ತಾರೆ. ಗೆರೆ ನುಣುಪಾಗಿ ಬರುತ್ತದೆ. ಮಳೆ ಕೈಕೊಟ್ಟು ಮೊಳಕೆ ಒಣಗಿ ರೈತರು ಮರುಬಿತ್ತನೆ ಮಾಡಿದ್ದು ಮಾತ್ರ ಆ ಗೆರೆಯಲ್ಲಿ ಕಾಣುವುದೇ ಇಲ್ಲ. ಬೆಳೆ ವಿಮೆಗೆ ಬೇಕಾದದ್ದು ಅದೇ!

ರೇಡಾರ್ ಉಪಗ್ರಹಕ್ಕೆ ಮೋಡ ಅಡ್ಡ ಬರುವುದಿಲ್ಲ. ನಾಸಾ ಮತ್ತು ಇಸ್ರೋ ಸೇರಿ 2025ರ ಜುಲೈನಲ್ಲಿ ಹಾರಿಸಿದ ನಿಸಾರ್ ಬಗ್ಗೆ ನನಗೆ ತುಂಬಾ ಆಸೆ ಇದೆ, ಅದು 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ಆದರೆ ರೇಡಾರ್ ಬಣ್ಣ ನೋಡುವುದಿಲ್ಲ, ನೆಲ ಎಷ್ಟು ಒರಟು, ಎಷ್ಟು ಒದ್ದೆ ಅಂತ ನೋಡುತ್ತದೆ. ನೀರು ನಿಂತ ಭತ್ತದ ಗದ್ದೆ ಕಪ್ಪಗೆ ಕಾಣುತ್ತದೆ, ಅದು ಸುಲಭ. ನಿನ್ನೆ ಮಳೆ ಬಿದ್ದ ಹೊಲ ಯಾವುದು, ಪೈರು ದಟ್ಟವಾದ ಹೊಲ ಯಾವುದು ಅಂತ ಬಿಡಿಸಿ ಹೇಳುವುದು ಕಷ್ಟ. ಬೇರೆ ಬೇರೆ ದಿನ, ಬೇರೆ ಬೇರೆ ಅಳತೆಯಲ್ಲಿ ತೆಗೆದ ಬಣ್ಣದ ಚಿತ್ರ, ರೇಡಾರ್ ಚಿತ್ರ ಎರಡನ್ನೂ ಒಟ್ಟಿಗೆ ಓದುವ ಒಳ್ಳೆಯ ದಾರಿ ನಮಗಿನ್ನೂ ಸಿಕ್ಕಿಲ್ಲ.

ಜಾಗದ ಕಷ್ಟ ಬೇರೆ. ಸೆಂಟಿನೆಲ್-2ರ ಚಿತ್ರದ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಹೆಚ್ಚುಕಮ್ಮಿ ಒಂದು ಗುಂಟೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹರಳು ಎಲ್ಲ ಇರುತ್ತವೆ, ಅಷ್ಟೂ ಆ ಒಂದೇ ಚುಕ್ಕಿಯೊಳಗೆ. ಅದಕ್ಕೆ ಏನಂತ ಹೆಸರು ಕೊಡುವುದು? ನೂರಾರು ಎಕರೆ ಬರೀ ಮುಸುಕಿನ ಜೋಳ ಬೆಳೆಯುವ ಅಮೆರಿಕದ ಹೊಲಗಳ ಮೇಲೆ ಕಲಿತ ಕಂಪ್ಯೂಟರ್ ಮಾದರಿಗೆ ಈ ಪ್ರಶ್ನೆ ಎದುರಾಗಿರುವುದೇ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಫಲಿತಾಂಶ ಅಳೆಯುವ ರೀತಿ ನೋಡಿದಾಗ. ಪಕ್ಕಪಕ್ಕದ ಜಾಗಗಳು ಒಂದೇ ಥರ ಇರುತ್ತವೆ ಅಂತ ಭೂಗೋಳ ತಜ್ಞ ಟೋಬ್ಲರ್ 1970ರಲ್ಲೇ ಬರೆದಿದ್ದರು. ಆದರೂ ಒಂದೇ ಹೊಲದ ಕೆಲವು ಪಿಕ್ಸೆಲ್‌ಗಳನ್ನು ಕಲಿಕೆಗೆ, ಉಳಿದವನ್ನು ಪರೀಕ್ಷೆಗೆ ಹಾಕಿ ತುಂಬಾ ಜಾಸ್ತಿ ಅಂಕ ತೋರಿಸುವವರು ಈಗಲೂ ಇದ್ದಾರೆ, ಕಲಿಸಿದ್ದನ್ನೇ ಪರೀಕ್ಷೆಯಲ್ಲಿ ಕೇಳಿದ ಹಾಗೆ. ಮಂಡ್ಯದಲ್ಲಿ ಕಲಿತದ್ದನ್ನು ಕಲಬುರಗಿಯಲ್ಲಿ ಪರೀಕ್ಷೆ ಮಾಡಬೇಕು. 2022ರ ಒಳ್ಳೆಯ ಮಳೆಯಲ್ಲಿ ಕಲಿತದ್ದನ್ನು 2023ರ ಮೇಲೆ ಓಡಿಸಬೇಕು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಅಂಕ ಕೆಳಗೆ ಬರಲಿ, ಪರವಾಗಿಲ್ಲ. ಪರಿಹಾರದ ಪಟ್ಟಿಗೆ ಇಂಥ ನಕ್ಷೆ ಬಳಸುವವರಿಗೆ ಆ ಕಮ್ಮಿ ಅಂಕವೇ ಗೊತ್ತಿರಬೇಕು.