ಟಯರಿನ ಪಕ್ಕೆ ನೋಡಿ, ಆಮೇಲೆ ಟಾಪ್ ಎಂಡ್ ಕೇಳಿ

ಬಳ್ಳಾರಿಯ ವರ್ಕ್‌ಶಾಪಿಗೆ ಬಂದ ಕಾರು ಬೇಸ್ ಮಾಡೆಲ್ಲೋ ಟಾಪ್ ಎಂಡೋ ಅಂತ ತಿಳಿಯಲು ಡಿಕ್ಕಿಯ ಮೇಲಿನ ಅಕ್ಷರ ಓದಬೇಕಿಲ್ಲ, ಜಾಬ್‌ಕಾರ್ಡ್, ಅಂದರೆ ಗಾಡಿಯ ದೂರು ಬರೆದುಕೊಳ್ಳುವ ಚೀಟಿ, ಓದಿದರೆ ಸಾಕು. ಟಯರಿನ ಪಕ್ಕೆ ಉಬ್ಬಿದೆ, ಅಲಾಯ್ (ಮಿಶ್ರಲೋಹದ ಗಾಲಿ) ಸೀಳಿದೆ, ಮಳೆ ಬಂದರೆ ಕಾಲಡಿಯ ಮ್ಯಾಟ್ ನೆನೆಯುತ್ತದೆ: ಇವೆಲ್ಲ ಹೆಚ್ಚಾಗಿ ದುಬಾರಿ ವೇರಿಯಂಟಿನ ದೂರುಗಳು. ಷೋರೂಮಿನ ಪಟ್ಟಿಯನ್ನು ಸರ್ವಿಸ್ ಕಡೆಯಿಂದ ಓದಿದರೆ, ಯಾವುದಕ್ಕೆ ದುಡ್ಡು ಹಾಕಬೇಕು ಅನ್ನೋದು ಬೇರೆಯೇ ಕಾಣುತ್ತದೆ.

ಗಾಲಿಯಿಂದಲೇ ಶುರು ಮಾಡೋಣ. ಒಂದೇ ಹ್ಯಾಚ್‌ಬ್ಯಾಕಿನ ನಡುವಿನ ವೇರಿಯಂಟಿಗೆ 185/65 ಆರ್15 ಟಯರ್, ಟಾಪ್ ಎಂಡಿಗೆ 195/55 ಆರ್16 ಇರುತ್ತದೆ ಅಂತಿಟ್ಟುಕೊಳ್ಳಿ. ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನೋದು. ಕೊನೆಯದು ರಿಮ್ಮಿನ ಇಂಚು. ಲೆಕ್ಕ ಹಾಕಿ ನೋಡಿ: ಮೊದಲ ಟಯರಿನ ಪಕ್ಕೆ 120 ಮಿ.ಮೀ., ಎರಡನೆಯದರದ್ದು 107. ಹೊರಗಿನ ವ್ಯಾಸ ಎರಡಕ್ಕೂ ಸುಮಾರು 621 ಮಿ.ಮೀ. ಅಂದರೆ ಕಾರು ಕೂದಲೆಳೆಯಷ್ಟೂ ಎತ್ತರ ಆಗಲಿಲ್ಲ. ಲೋಹ ಬೆಳೆಯಿತು, ರಬ್ಬರು 13 ಮಿ.ಮೀ. ಕರಗಿತು.

ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಆ 13 ಮಿ.ಮೀ.ಗೆ ಬೆಲೆ ಇದೆ. ಅಂಚು ಚೂಪಾದ ಗುಂಡಿಗೆ ಗಾಲಿ ಬಿದ್ದಾಗ ರಬ್ಬರು ರಿಮ್ಮಿಗೂ ಟಾರಿನ ಅಂಚಿಗೂ ನಡುವೆ ಅಡಕೊತ್ತಿಗೆ ಸಿಕ್ಕ ಅಡಿಕೆಯಂತಾಗುತ್ತದೆ. ಆವತ್ತು ಏನೂ ಕಾಣುವುದಿಲ್ಲ. ಒಳಗಿನ ದಾರದ ಪದರ ಹರಿದಿರುತ್ತದೆ, ಆಮೇಲೆ ಯಾವಾಗಲೋ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಏಳುತ್ತದೆ. ಅದಕ್ಕೆ ಪ್ಯಾಚ್ ಇಲ್ಲ, ಟಯರನ್ನೇ ಬದಲಿಸಬೇಕು. ಪೆಟ್ಟಿನಿಂದ ಆದದ್ದು ಅಂತ ಕಂಪನಿ ಹೆಚ್ಚಾಗಿ ವಾರಂಟಿಯನ್ನೂ ಕೊಡುವುದಿಲ್ಲ. ಉಕ್ಕಿನ ರಿಮ್ ಸೊಟ್ಟಗಾದರೆ ತಟ್ಟಿ ಸರಿಮಾಡಬಹುದು. ಅಲಾಯ್ ಸೀಳಿದರೆ ವೆಲ್ಡಿಂಗ್ ಮಾಡಿಕೊಡುವವರು ಸಿಗುತ್ತಾರೆ, ಆದರೆ ಅಂಥ ಗಾಲಿ ಹಾಕಿಕೊಂಡು ಮನೆಮಂದಿಯನ್ನು ಕೂರಿಸಿ ಹೈವೇಗೆ ಹೋಗಬೇಡಿ. ಅಲಾಯ್ ಬೇಕೇ ಬೇಕು ಅಂದರೆ 15 ಇಂಚಿನಲ್ಲೇ ಸಿಗುವ ವೇರಿಯಂಟ್ ಹುಡುಕಿ.

ಗಾಳಿಯದೂ ಇಲ್ಲಿ ಬೇರೆ ಪಾಠ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತಿದ್ದರೆ ಅದು ತಣ್ಣಗಿರುವ ಟಯರಿನ ಲೆಕ್ಕ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚಿನದು. ಟಯರಿನ ಬಿಸಿ ಐದಾರು ಡಿಗ್ರಿ ಏರಿದಂತೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನಿಂದ ಬಂದು ಬಂಕಿನಲ್ಲಿ ಹಿಡಿದರೆ 38 ತೋರಿಸುವುದು ಸಹಜ. "ಜಾಸ್ತಿ ಐತಿ" ಅಂತ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಅದು 28ಕ್ಕೆ ಇಳಿದಿರುತ್ತದೆ. ಗಾಳಿ ಕಡಿಮೆಯಾದ ಟಯರ್ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಬೇಸಿಗೆಯಲ್ಲಿ ಒಡೆಯುವ ಟಯರುಗಳಲ್ಲಿ ಬಹುಪಾಲು ಹೀಗೇ ಒಡೆಯುವುದು. ಡಿಕ್ಕಿ ತುಂಬಿ ಐದು ಜನ ಕೂತು ತಿರುಪತಿಗೆ ಹೊರಟಾಗ ಅದೇ ಸ್ಟಿಕ್ಕರಿನ ಎರಡನೇ ಅಂಕಿ, ಅಂದರೆ ಫುಲ್ ಲೋಡಿನದು, ಅದರಂತೆ ತುಂಬಿಸಿ.

ಎಂಜಿನ್ ವಿಷಯಕ್ಕೆ ಬಂದರೆ ಮೊದಲು ತಿಂಗಳ ಓಟ ಬರೆದುಕೊಳ್ಳಿ. ಪೆಟ್ರೋಲಿಗಿಂತ ಡೀಸೆಲ್ ಕಾರಿಗೆ ಒಂದೂವರೆ ಲಕ್ಷ ಹೆಚ್ಚು ಅಂತಿಟ್ಟುಕೊಳ್ಳಿ. ಪೆಟ್ರೋಲ್ 104 ರೂಪಾಯಿ, 15 ಕಿ.ಮೀ. ಮೈಲೇಜ್, ಡೀಸೆಲ್ 92 ರೂಪಾಯಿ, 19 ಕಿ.ಮೀ. ಮೈಲೇಜ್. ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿ ಚಿಲ್ಲರೆ. ಹಾಕಿದ ದುಡ್ಡು ವಾಪಸ್ ಬರಲು 72,000 ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರ ಓಡುವವರಿಗೆ ಆರು ವರ್ಷ, ಎರಡೂವರೆ ಸಾವಿರ ಓಡುವವರಿಗೆ ಎರಡೂವರೆ ವರ್ಷವೂ ಬೇಡ.

ಲೆಕ್ಕಕ್ಕಿಂತ ದೊಡ್ಡ ಮಾತು ಡಿಪಿಎಫ್, ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರುಗಳಲ್ಲಿ ಇದು ಇದ್ದೇ ಇರುತ್ತದೆ. ತುಂಬಿದ ಮಸಿಯನ್ನು ಗಾಡಿ ತಾನೇ ಸುಮಾರು 600 ಡಿಗ್ರಿಯಲ್ಲಿ ಸುಡುತ್ತದೆ. ಅದಕ್ಕೆ 60ರ ಮೇಲೆ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು. ಕೌಲ್ ಬಜಾರಿನಿಂದ ರಾಯಲ್ ಸರ್ಕಲ್ಲಿಗೆ, ಅಲ್ಲಿಂದ ಶಾಲೆಗೆ ಅಂತ ಊರೊಳಗೇ ಸುತ್ತುವ ಗಾಡಿಗೆ ಆ ಓಟ ಸಿಗುವುದಿಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತು ನಿಂತು, ಅದಕ್ಕೆಂದು ಚಿಮ್ಮಿಸಿದ ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಮ್ಮಿಯಾಗುವ ಬದಲು ಏರಿರುತ್ತದೆ. ಹಾಗೆ ಏರಿದ್ದರೆ ಆಯಿಲ್ ತೆಳುವಾಗಿದೆ ಅಂತ ಅರ್ಥ, ಬದಲಿಸದೆ ಓಡಿಸಬೇಡಿ. ವಾರಕ್ಕೆರಡು ಸಲ ಹೊಸಪೇಟೆಗೋ ಸಿಂಧನೂರಿಗೋ ಹೋಗಿಬರುವವರಿಗೆ ಡೀಸೆಲ್ ಸರಿ, ಉಳಿದವರಿಗೆ ಪೆಟ್ರೋಲ್.

ಪೆಟ್ರೋಲಿನಲ್ಲಿ ಮಾಮೂಲಿ 1.2 ಎಂಜಿನ್ನೋ ಗಾಳಿ ಒತ್ತಿ ತುಂಬಿಸಿ ಎಳೆತ ಹೆಚ್ಚಿಸುವ 1 ಲೀಟರ್ ಟರ್ಬೋನೋ? ನಾಲ್ಕು ಜನ, ಎಸಿ, ಹೈವೇಯಲ್ಲಿ ಲಾರಿ ಹಿಂದಿಕ್ಕುವುದು ದಿನದ ಕೆಲಸವಾದರೆ ಟರ್ಬೋ ಎಳೆತ ಚೆನ್ನಾಗಿದೆ. ಆದರೆ ಅದು ಆಯಿಲ್ ವಿಷಯದಲ್ಲಿ ಉದಾಸೀನ ತಡೆಯುವುದಿಲ್ಲ: ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಬೇಕು, ವಾಯಿದೆ ದಾಟಬಾರದು, ದೂರ ಓಡಿಸಿ ಬಂದ ಮೇಲೆ ಒಂದು ನಿಮಿಷ ಎಂಜಿನ್ ಹಾಗೇ ಬಿಟ್ಟು ಆಮೇಲೆ ಆಫ್ ಮಾಡಬೇಕು. ಇದೆಲ್ಲ ರಗಳೆ ಅನ್ನುವವರಿಗೆ 1.2 ವಾಸಿ. ಆಟೋಮ್ಯಾಟಿಕ್ ಬೇಕಾದವರು ಡ್ರೈ ಕ್ಲಚ್ಚಿನ (ಆಯಿಲಿನಲ್ಲಿ ಮುಳುಗದ ಕ್ಲಚ್ಚಿನ) ಡಿಸಿಟಿ, ಅಂದರೆ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್ ಆದರೆ ಮಧ್ಯಾಹ್ನದ ಹೊತ್ತು ಟ್ರಾಫಿಕ್ಕಿನಲ್ಲಿ ತೆವಳಿಸಿ ನೋಡಿಯೇ ಕೊಳ್ಳಿ. 42 ಡಿಗ್ರಿಯಲ್ಲಿ ಲಾರಿ ಸಾಲಿನ ಹಿಂದೆ ಇಂಚಿಂಚು ಸರಿದರೆ ಅದರ ಕ್ಲಚ್ ಕಾಯುತ್ತದೆ.

ಇನ್ನು ಆಪ್ಷನ್ನು. ಸನ್‌ರೂಫ್ ಮಕ್ಕಳಿಗೆ ಬಲು ಪ್ರೀತಿ, ಕೆಂಧೂಳಿಗೂ. ಅದರ ಚೌಕಟ್ಟಿನ ಮೂಲೆಗಳಲ್ಲಿ ನೀರು ಇಳಿದುಹೋಗುವ ಸಣ್ಣ ಪೈಪುಗಳಿರುತ್ತವೆ. ಧೂಳು ಕೂತು ಕಟ್ಟಿಕೊಂಡರೆ ನೀರು ಒಳಗಿನ ಕಂಬದ ಮೂಲಕ ಕಾಲಡಿಗೆ, ವೈರಿಂಗ್ ಇರುವಲ್ಲಿಗೆ ಬರುತ್ತದೆ. ಮುಂಗಾರಿಗೆ ಮೊದಲು ಮೆತ್ತಗಿನ ನೈಲಾನ್ ದಾರ ತೂರಿಸಿ ಬಿಡಿಸಬೇಕು. ಜೋರು ಗಾಳಿ ಹೊಡೆದರೆ ಪೈಪು ಒಳಗೇ ಕಳಚಿಕೊಳ್ಳುತ್ತದೆ, ಆಮೇಲೆ ರೂಫಿನ ಬಟ್ಟೆ ಇಳಿಸಬೇಕಾಗುತ್ತದೆ. ಕಪ್ಪು ಲೆದರೆಟ್ (ಕೃತಕ ಚರ್ಮ) ಸೀಟು ಬಿಸಿಲಲ್ಲಿ ಹೆಂಚು. ಅದೇ ದುಡ್ಡಿಗೆ ಹಿಂದಿನ ಎಸಿ ವೆಂಟ್, ಹಿಂದಿನ ನಡು ಸೀಟಿಗೂ ಮೂರು ಬಿಂದುವಿನ ಬೆಲ್ಟ್, ಇಎಸ್‌ಸಿ (ಗಾಡಿ ಜಾರಿದಾಗ ತಾನೇ ಬ್ರೇಕ್ ಹಿಡಿದು ಹತೋಟಿಗೆ ತರುವ ವ್ಯವಸ್ಥೆ), ಆರು ಏರ್‌ಬ್ಯಾಗ್, ಹಿಂದಿನ ವೈಪರ್ ಇರುವ ವೇರಿಯಂಟ್ ಹಿಡಿಯಿರಿ. ಇಎಸ್‌ಸಿಯನ್ನು ಆಮೇಲೆ ಹೊರಗಡೆ ಹಾಕಿಸಲು ಬರುವುದಿಲ್ಲ. ಟಚ್‌ಸ್ಕ್ರೀನ್, ಸೀಟ್ ಕವರ್ ಯಾವಾಗ ಬೇಕಾದರೂ ಹಾಕಿಸಬಹುದು.

ಬೆಲೆ 10 ಲಕ್ಷದ ಆಸುಪಾಸಿನಲ್ಲಿದ್ದರೆ ಇದನ್ನು ಗಮನಿಸಿ. ಕರ್ನಾಟಕದಲ್ಲಿ ಜೀವಾವಧಿ ರಸ್ತೆ ತೆರಿಗೆ 5ರಿಂದ 10 ಲಕ್ಷದವರೆಗೆ ಶೇ. 14, ಅದು ದಾಟಿದರೆ 20 ಲಕ್ಷದವರೆಗೆ ಪೂರ್ತಿ ಬೆಲೆಗೆ ಶೇ. 17. ಅಂದರೆ 9.95 ಲಕ್ಷದ ಕಾರಿಗೂ 10.05 ಲಕ್ಷದ ಕಾರಿಗೂ ತೆರಿಗೆಯಲ್ಲೇ 31,550 ರೂಪಾಯಿ ವ್ಯತ್ಯಾಸ, ಸೆಸ್ ಬೇರೆ. 10 ಲಕ್ಷ ದಾಟಿದ ಕಾರಿಗೆ ಮೇಲೆ ಶೇ. 1 ಟಿಸಿಎಸ್, ಅಂದರೆ ಮಾರುವಾಗಲೇ ಮುಂಗಡ ಆದಾಯ ತೆರಿಗೆ, ಹಿಡಿಯುತ್ತಾರೆ; ರಿಟರ್ನ್ ಸಲ್ಲಿಸಿದರೆ ಅದು ಲೆಕ್ಕಕ್ಕೆ ಸಿಗುತ್ತದೆ, ರಸ್ತೆ ತೆರಿಗೆ ಸಿಗುವುದಿಲ್ಲ.

ಗಾಡಿ ಕೈಗೆ ಬಂದ ಮೇಲೆ ಏರ್ ಫಿಲ್ಟರನ್ನು ಪ್ರತಿ 5,000 ಕಿ.ಮೀ.ಗೆ ಬಿಚ್ಚಿಸಿ ನೋಡಿ. ಹೊರಮಗ್ಗುಲು ಕೆಂಪಾಗಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಎಂಜಿನ್ ಕಡೆಯ ಮಗ್ಗುಲಲ್ಲೂ ಬೆರಳಿಗೆ ಕೆಂಪು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ; ಅದಿರಿನ ಪುಡಿ ಪಿಸ್ಟನ್ ರಿಂಗಿಗೆ ಉಪ್ಪುಕಾಗದವಿದ್ದಂತೆ. ಕೂಲಂಟ್‌ಗೆ ಬೋರಿನ ನೀರು ಬೆರೆಸಬೇಡಿ, ರೇಡಿಯೇಟರಿನೊಳಗೆ ಸುಣ್ಣ ಕಟ್ಟುತ್ತದೆ. ಭತ್ತದ ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ ಕಡೆ ಓಡಾಡುವವರ ಕಂಡೆನ್ಸರಿನ (ಗಾಡಿಯ ಮುಂಭಾಗದ ಎಸಿ ಜಾಲರಿ) ಮೇಲೆ ಹೊಟ್ಟು ಕಂಬಳಿಯಂತೆ ಕೂತಿರುತ್ತದೆ. ಎಸಿ ಗ್ಯಾಸ್ ತುಂಬಿಸುವ ಮುಂಚೆ ಅದನ್ನು ತೊಳೆಸಿ, ಎಂಜಿನ್ ಕಡೆಯಿಂದ ಹೊರಕ್ಕೆ, ಮೆತ್ತಗೆ.

ಡೆಲಿವರಿ ದಿನ ಪೂಜೆಗೆ ಮುಂಚೆ ಐದೂ ಟಯರಿನ ಪಕ್ಕೆಯಲ್ಲಿ ನಾಲ್ಕಂಕಿ ಓದಿ: 2325 ಅಂದರೆ 2025ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯನ್ನು ಹೊರಗೆ ತೆಗೆಸಿಯೇ ನೋಡಿ, ಅಲಾಯ್ ವೇರಿಯಂಟಿನಲ್ಲೂ ಅದು ಹೆಚ್ಚಾಗಿ ಸಣ್ಣ ಉಕ್ಕಿನ ಗಾಲಿಯೇ. ಗಾಲಿಗೆ ಲಾಕ್ ನಟ್ ಇದ್ದರೆ ಅದರ ಕೀ ಜಾಕಿನ ಜೊತೆ ಇದೆಯೇ ನೋಡಿಕೊಳ್ಳಿ. ಅದಿಲ್ಲದಿದ್ದರೆ ರಾತ್ರಿ ಸಿರುಗುಪ್ಪ ರಸ್ತೆಯ ಪಂಕ್ಚರ್ ಅಂಗಡಿಯವನ ಹತ್ತಿರ ಎಷ್ಟು ಪಾನಾ ಇದ್ದರೂ ಆ ಗಾಲಿ ಬಿಚ್ಚಲು ಆಗುವುದಿಲ್ಲ.